ನನ್ನ ಸೈಟಿನ ಬಾಗಿಲಲ್ಲಿ ನಾನೇ ಕಳ್ಳ

ಅದಿರು ಲಾರಿಗಳು ಬಳ್ಳಾರಿಯ ಮೇಲೆ ಹಗಲಿಡೀ ಕೆಂಪು ಧೂಳು ಸುರಿಸುತ್ತಿದ್ದ ಕಾಲ. ಆ ಲಾರಿಗಳಿಗೆ ಹೊದಿಸುವ ತಾಡಪತ್ರಿ ಮಾರುತ್ತಿದ್ದ ನನಗೆ ಸ್ವಂತ ವೆಬ್‌ಸೈಟ್ ಬೇಕೆನಿಸಿತು. ಪುಸ್ತಕ ನೋಡಿ ನಾನೇ ಕಟ್ಟಿದೆ. ಬೇರೆಯವರ ಕಂಪ್ಯೂಟರಿನಲ್ಲಿ ಇಡಲು ನಾನೇನು ದಡ್ಡನೇ? ಮನೆಯ ಕಂಪ್ಯೂಟರಿನಲ್ಲೇ ಇಟ್ಟೆ. ಬಾಗಿಲಿಗೆ ಬೀಗವಿದೆ, ಕಿಟಕಿಗೆ ಸರಳಿದೆ. ಇನ್ನೆಲ್ಲಿಂದ ಬರುತ್ತಾನೆ ಹ್ಯಾಕರ್!

ಬಂದ.

ಸಿರುಗುಪ್ಪದ ಅಕ್ಕಿ ಗಿರಣಿಯ ಖಾದರ್ ಭಾಯಿ ಫೋನ್ ಮಾಡಿದರು.

"ಏನ್ರಿ ಶಿವಣ್ಣ, ನಿಮ್ಮ ಸೈಟಿನಾಗ ತಲಿಬುರುಡಿ ನಗಾಕತ್ತೈತಿ! ತಾಡಪತ್ರಿ ಬಿಟ್ಟು ಮಾಟ ಮಂತ್ರ ಶುರು ಮಾಡೀರೇನು?"

"ಯಾರೋ ಒಳಗ ನುಗ್ಗ್ಯಾರ ಭಾಯಿ."

"ಪಾಸ್‌ವರ್ಡ್ ಏನಿಟ್ಟಿದ್ರಿ?"

"ಶಿವಣ್ಣ."

ಅವರು ನಕ್ಕ ರಭಸಕ್ಕೆ ಫೋನೇ ಕಟ್ಟಾಯಿತು.

ಬುರುಡೆ ಅಳಿಸಿದೆ. ಇಪ್ಪತ್ತು ಅಕ್ಷರಗಳ ಹೊಸ ಪಾಸ್‌ವರ್ಡ್ ಇಟ್ಟೆ. ಮೂರು ಸಲ ತಪ್ಪಿದರೆ ಸೈಟಿನ ಬಾಗಿಲು ಮುಚ್ಚತಕ್ಕದ್ದು, ಮುಚ್ಚಿದ್ದನ್ನು ಮನೆಯ ಕಂಪ್ಯೂಟರಿನಿಂದ ಮಾತ್ರ ತೆರೆಯತಕ್ಕದ್ದು ಎಂದು ಶಾಸನ ಹೊರಡಿಸಿದೆ. ತೆರೆಯುವುದನ್ನು ಹೆಂಡತಿ ಗಿರಿಜಾಗೆ ಕಲಿಸಿ, "ಯಾರು ಫೋನ್ ಮಾಡಿದ್ರೂ ನಂಬಬ್ಯಾಡ. ನನ್ನ ದನಿ ಇದ್ರೂ ಪರೀಕ್ಷಾ ಮಾಡು," ಎಂದು ಆಜ್ಞಾಪಿಸಿದೆ.

ಅಷ್ಟರಲ್ಲಿ ಕುರುಗೋಡಿನ ವೀರನಗೌಡರು ಕರೆಸಿದರು. ನಲವತ್ತು ಲಾರಿಗಳ ಧಣಿ. ಎಲ್ಲ ಲಾರಿಗಳ ತಾಡಪತ್ರಿಯನ್ನೂ ನನ್ನಲ್ಲೇ ಕೊಳ್ಳಬೇಕೆಂದಿದ್ದವರು ಬುರುಡೆಯ ಸುದ್ದಿ ಕೇಳಿ ಹಿಂಜರಿಯುತ್ತಿದ್ದರು.

"ನಮ್ಮ ಹೆಸರು, ನಂಬರು ಕಳ್ಳರ ಕೈಗೆ ಹೋದ್ರ ಹ್ಯಾಂಗ?"

"ಈಗ ಸೊಳ್ಳಿನೂ ಒಳಗ ಹೋಗಂಗಿಲ್ಲ ಗೌಡ್ರ. ನೋಡ್ರಿ!"

ಅವರ ಕಂಪ್ಯೂಟರಿನ ಮುಂದೆ ಗಂಭೀರವಾಗಿ ಕುಳಿತೆ. ಮೊದಲ ಸಲ ದೊಡ್ಡಕ್ಷರ ಮರೆತೆ. ಎರಡನೆಯ ಸಲ ಚುಕ್ಕಿ ಮರೆತೆ. ಮೂರನೆಯ ಸಲ ಬೆವರಿದ ಬೆರಳು ಜಾರಿತು. ಬಾಗಿಲು ಮುಚ್ಚಿತು. ಕಳ್ಳ ಸಲೀಸಾಗಿ ಹೊಕ್ಕ ಮನೆಗೆ ಮಾಲೀಕನಿಗೇ ಪ್ರವೇಶವಿಲ್ಲ!

ಗಿರಿಜಾಗೆ ಫೋನ್ ಮಾಡಿದೆ. ಗೌಡರು ಸ್ಪೀಕರ್ ಹಾಕಿಸಿದರು.

"ನಾನು. ಸೈಟಿನ ಬಾಗಲಾ ತೆಗಿ."

"ನಾನು ಅಂದ್ರ ಯಾರು? ನಮ್ಮ ಮದುವಿ ಯಾವ ತಿಂಗಳಾಗ ಆತು, ಹೇಳ್ರಿ."

"ಮೇ... ಅಲ್ಲ, ಜೂನ್..."

"ಕಳ್ಳ!" ಎಂದು ಫೋನ್ ಇಟ್ಟಳು.

ಮತ್ತೆ ಮಾಡಿದೆ.

"ನಿನ್ನಿ ಮನ್ಯಾಗ ಏನ್ ಅಡಿಗಿ ಆಗಿತ್ತು?"

ಗೌಡರು ಮುಂದಕ್ಕೆ ಬಾಗಿದರು. ನಾನು ದನಿ ತಗ್ಗಿಸಿದೆ.

"ಉಪ್ಪಿಟ್ಟು. ನಾನೇ ಮಾಡಿದ್ದೆ. ತಳ ಹತ್ತಿತ್ತು. ನೀ ಬೈದಿ."

"ಹಾಂ, ನೀವೇ ಅದೀರಿ!"

ಬಾಗಿಲು ತೆರೆಯಿತು. ಗೌಡರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಇಂಥಾ ಕಾವಲು ಬ್ಯಾಂಕಿನಾಗೂ ಇಲ್ಲ ಬಿಡ್ರಿ. ತಾಡಪತ್ರಿ ಕಳಸ್ರಿ. ಆದ್ರ ಸೈಟು ಮಾತ್ರ ಫೋನಿನಾಗಿರೋ ನಮ್ಮ ಈ ತಂಗೀನೇ ನೋಡ್ಕೊಳ್ಳಲಿ."

ನಾನು ಬಳ್ಳಾರಿಗೆ ಮರಳುವಷ್ಟರಲ್ಲಿ, ಸ್ಪೀಕರಿನಲ್ಲಿ ಗೌಡರ ಮಾತು ಕೇಳಿದ್ದ ಗಿರಿಜಾ ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದಳು. ಏನಿಟ್ಟೆ ಎಂದು ಕೇಳಿದೆ.

"ನಿಮಗ್ಯಾಕ ಬೇಕ್ರಿ ಅದು?"

ಆಮೇಲೆ ಯಾವ ಹ್ಯಾಕರನೂ ನಮ್ಮ ಸೈಟಿನ ಕಡೆ ಸುಳಿಯಲಿಲ್ಲ. ಮನೆಯೊಳಗಿದ್ದ ದೊಡ್ಡ ಅಪಾಯವನ್ನೇ ಅವಳು ಹೊರಗೆ ಹಾಕಿದ್ದಳಲ್ಲ!