ವಿಠ್ಠಲವಾಡಿಗೆ ಹೋದ ಸಾಂತಾ

ನಗುವುದು ಕೆಲವರಿಗೆ ಸೀನಿದಷ್ಟು ಸುಲಭ. ನನಗೆ ಹಾಗಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅತ್ತೆ ನಗುತ್ತಿದ್ದಾರೆ, ಪುರೋಹಿತರು ನಗುತ್ತಿದ್ದಾರೆ, ಹಿಂದೆ ಸೌಟು ಹಿಡಿದ ಅಡುಗೆ ಭಟ್ಟರೂ ನಗುತ್ತಿದ್ದಾರೆ. ನಾನೊಬ್ಬ ಮಾತ್ರ ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಬಂದವನಂತೆ ನಿಂತಿದ್ದೇನೆ. ಥಾಣೆಯ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವನಿಗೆ ಇಂಥ ಮುಖ ಒಂದು ಅರ್ಹತೆಯೇ ಇರಬಹುದು. ಆದರೆ ಮನೆಯವರೆಲ್ಲ ಸೇರಿ ಪ್ರತಿ ಡಿಸೆಂಬರಿನಲ್ಲಿ ನನ್ನನ್ನೇ ಸಾಂತಾಕ್ಲಾಸ್ ಮಾಡುತ್ತಾರೆ. ಕಾರಣ ನನ್ನ ಹೊಟ್ಟೆ. "ನಿಮಗೆ ದಿಂಬು ಕಟ್ಟುವ ಕೆಲಸ ಇಲ್ಲ ನೋಡಿ," ಎನ್ನುತ್ತಾಳೆ ನನ್ನ ಹೆಂಡತಿ ಜಯಂತಿ. ಗಂಡನಲ್ಲಿ ಅವಳು ಬಾಯಿಬಿಟ್ಟು ಮೆಚ್ಚಿಕೊಂಡ ಗುಣ ಅದೊಂದೇ.

ಉಡುಪಿಯ ಕಡೆಯ ಹಿಂದೂ ಮನೆಗೆ ಕ್ರಿಸ್ಮಸ್ ಹೇಗೆ ಬಂತು ಎಂದು ನೀವು ಕೇಳಬಹುದು. ಅದು ಸೆಲಿನ್ ಜೊತೆ ಬಂತು. ಜಯಂತಿಯ ತಮ್ಮ ಸುಧಾಕರ ಮಂಗಳೂರಿನ ಸೆಲಿನ್‌ಳನ್ನು ಮದುವೆಯಾಗಿ ಡೊಂಬಿವಲಿಯಲ್ಲಿ ಮನೆ ಮಾಡಿದ. ಮೊದಲ ಕ್ರಿಸ್ಮಸ್ಸಿಗೆ ತವರಿನವರು ಯಾರೂ ಇಲ್ಲದೆ ಆ ಹುಡುಗಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾಳೆ ಎಂದು ಕೇಳಿ ಜಯಂತಿ ಎಲ್ಲರನ್ನೂ ಕಲ್ಯಾಣದ ನಮ್ಮ ಮನೆಗೆ ಕರೆದಳು. ಅಂದಿನಿಂದ ಅದೇ ಪದ್ಧತಿ. ಕ್ರಿಸ್ಮಸ್ಸಿನ ಮುನ್ನಾದಿನ ಸೆಲಿನ್ ಡಬ್ಬಿಗಟ್ಟಲೆ ಗುಳಿಯೊ, ನೇವ್ರಿ ಎಂಬ ತಮ್ಮ ಕಡೆಯ ಹಬ್ಬದ ತಿಂಡಿ ತರುತ್ತಾಳೆ, ಜಯಂತಿ ನೀರುದೋಸೆ ಹುಯ್ಯುತ್ತಾಳೆ. ದೀಪಾವಳಿಯ ಕಂದೀಲೇ ನಕ್ಷತ್ರವಾಗುತ್ತದೆ. ಬಾಲ್ಕನಿಯ ಕುಂಡದಲ್ಲಿರುವ ಕರಿಬೇವೇ ಕ್ರಿಸ್ಮಸ್ ಮರ. ಒಗ್ಗರಣೆಗೆಂದು ಜಯಂತಿ ಕೆಳಗಿನ ಎಲೆಗಳನ್ನೆಲ್ಲ ಕಿತ್ತಿರುವುದರಿಂದ ಅದು ಅರ್ಧ ಬೋಳಾಗಿರುತ್ತದೆ, ಅಷ್ಟೇ.

ತೊಂದರೆ ಶುರುವಾದದ್ದು ಸುಧಾಕರನ ಮಗಳು ರಿಯಾಳಿಂದ. ಆರು ವರ್ಷದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿ ಬೆರೆಸಿ. ಹೋದ ವರ್ಷ ಎಲ್ಲರೆದುರು ಕೇಳಿಬಿಟ್ಟಳು: "ಸಾಂತಾ ಬಂದಾಗ ಮಾವ ಹಮೇಶಾ ಬಾತ್‌ರೂಮ್ ಮೇ ಕ್ಯೂಂ ಹೋತಾ ಹೈ?" ಹೊಟ್ಟೆ ಸರಿಯಿಲ್ಲ ಎಂದು ನಾನು ಹೇಳಿ, ಆ ರಾತ್ರಿ ಊಟಕ್ಕೆ ಬರೀ ಗಂಜಿ ಕುಡಿಯಬೇಕಾಯಿತು.

ಹೀಗಾಗಿ ಈ ಸಲ ಜಯಂತಿ ಹೊಸ ಯೋಜನೆ ಹಾಕಿದಳು. ಮಾವನಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಮಗುವಿಗೆ ಹೇಳುವುದು. ನಾನು ಥಾಣೆಯಿಂದ ಬರುತ್ತ ಡೊಂಬಿವಲಿಯಲ್ಲಿ ಇಳಿದು, ಸುಧಾಕರನ ಖಾಲಿ ಮನೆಯಲ್ಲಿ ವೇಷ ಹಾಕಿಕೊಂಡು, ಹೊರಗಿನಿಂದ ಬಂದ ಅಸಲಿ ಸಾಂತಾನ ಹಾಗೆ ಕಲ್ಯಾಣಕ್ಕೆ ಬರುವುದು. ಸಂಜೆಯ ಟ್ರಾಫಿಕ್ಕಿನಲ್ಲಿ ರಿಕ್ಷಾ ಹಿಡಿದರೆ ಮನೆ ಮುಟ್ಟುವಾಗ ಈಸ್ಟರ್ ಆದೀತೆಂದು, ಗಡ್ಡ, ಟೊಪ್ಪಿ, ಹೆಗಲಿಗೆ ಚಾಕಲೇಟಿನ ಗೋಣಿ ಸಮೇತ ಕಲ್ಯಾಣ ದಾಟಿ ಹೋಗುವ ಬದ್ಲಾಪುರದ ಲೋಕಲ್ ರೈಲು ಹತ್ತಿದೆ.

ಹತ್ತಿದ್ದು ಎನ್ನುವುದಕ್ಕಿಂತ ಒಳಗೆ ತಳ್ಳಲ್ಪಟ್ಟೆ ಎನ್ನಬೇಕು. ಒಳಗೆ ಆಫೀಸಿನಿಂದ ಮರಳುವವರ ಭಜನಾ ಮಂಡಳಿ ತಾಳ ಕುಟ್ಟುತ್ತಿತ್ತು. ನನ್ನನ್ನು ಕಂಡದ್ದೇ ಅವರ ಮುಖ್ಯ ಗಾಯಕರು, ಹಣೆಗೆ ವಿಠ್ಠಲನ ಭಕ್ತರ ಕಪ್ಪು ಪುಡಿ ಬುಕ್ಕಾ ಹಚ್ಚಿಕೊಂಡಿದ್ದ ಹಿರಿಯರು, ಕೈ ಚಾಚಿದರು. "ಯಾ ಯಾ, ಸಾಂತಾಬುವಾ! ಬಸಾ!" ಎಂದು ಬಂದು ಕೂರಲು ಹೇಳಿದರು. ಲೋಕಲಿನಲ್ಲಿ ಸಂಜೆ ಹೊತ್ತು ಯಾರಾದರೂ ಎದ್ದು ಜಾಗ ಕೊಡುವುದೆಂದರೆ ನನ್ನ ಜನ್ಮದಲ್ಲಿ ಮೊದಲ ಸಲ. ಕೂತುಬಿಟ್ಟೆ. ಕೈಗೆ ತಾಳ ಕೊಟ್ಟರು. ಮುಖ ಗಡ್ಡದೊಳಗೆ ಇದ್ದುದರಿಂದಲೋ ಏನೋ, ಎಂದೂ ಬಾಯಿ ತೆರೆಯದ ನಾನು ಗಂಟಲು ಬಿಟ್ಟು "ವಿಠ್ಠಲ ವಿಠ್ಠಲ" ಎಂದು ಹಾಡತೊಡಗಿದೆ. ನಾಲ್ಕಾರು ಮೊಬೈಲುಗಳು ಮೇಲೆದ್ದವು. ಕಲ್ಯಾಣ ಬಂದಾಗ ಗಡಬಡಿಸಿ ಎದ್ದೆ. "ಅರೇ, ಅಭಂಗ ಮುಗಿಯದೆ ಎಲ್ಲಿಗೆ?" ಎಂದು ಹಿರಿಯರು ಮರಾಠಿಯಲ್ಲಿ ಗದರಿ ತೋಳು ಹಿಡಿದು ಕೂರಿಸಿದರು. ಅಭಂಗ ಮುಗಿಯುವಾಗ ಗಾಡಿ ಹೊರಟಿತ್ತು. ಪ್ರಸಾದ ಎಲ್ಲಿ ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಗೋಣಿ ನೋಡಿದರು. ಮುಂದಿನ ವಿಠ್ಠಲವಾಡಿ ಸ್ಟೇಷನ್ನಿನಲ್ಲಿ ನಾನು ಇಳಿದಾಗ ಒಂದು ಚಾಕಲೇಟೂ ಉಳಿದಿರಲಿಲ್ಲ.

ಅಲ್ಲಿಂದ ವಾಪಸು ರಿಕ್ಷಾ ಹಿಡಿದು, ಸಿಗ್ನಲಿನಲ್ಲಿ ನಿಂತಾಗೆಲ್ಲ ಪಕ್ಕದ ಬಸ್ಸಿನ ಮಕ್ಕಳಿಗೆ ಕೈ ಬೀಸುತ್ತ ಮನೆ ಮುಟ್ಟುವ ಹೊತ್ತಿಗೆ ಬಹಳ ತಡವಾಗಿತ್ತು. ಬಾಗಿಲು ತೆರೆದರೆ ಹಾಲಿನ ನಡುವೆ ಇನ್ನೊಬ್ಬ ಸಾಂತಾ!

ನಮ್ಮ ಅತ್ತೆ. ಸಾಂತಾ ಬರಲಿಲ್ಲ ಎಂದು ಮೊಮ್ಮಗಳು ಮುಸಿಮುಸಿ ಅಳತೊಡಗಿದಾಗ ಅವರಿಗೆ ತಡೆಯಲಾಗಲಿಲ್ಲವಂತೆ. ಕೆಂಪು ಪಟ್ಟೆ ಸೀರೆಯನ್ನು ತಲೆಯ ಮೇಲಿಂದ ಹೊದ್ದು, ದೇವರ ಬತ್ತಿಗೆಂದು ಇಟ್ಟ ಹತ್ತಿಯನ್ನೆಲ್ಲ ಗಲ್ಲಕ್ಕೆ ಅಂಟಿಸಿಕೊಂಡಿದ್ದರು. "ಸಾಂತಾ ಕೋ ಮೂಗುತಿ?" ಎಂದು ರಿಯಾ ಕೇಳಿದ್ದಕ್ಕೆ, "ನಮ್ಮ ಹಿಮದ ಊರಲ್ಲಿ ಎಲ್ಲರಿಗೂ ಉಂಟು ಮಗಾ," ಎಂದರಂತೆ. ಮಗು ಪೂರ್ತಿ ನಂಬಿತ್ತು.

"ಹೋ ಹೋ ಹೋ" ಎನ್ನಬೇಕೆಂದು ನಾನು ಬಾಯಿ ತೆರೆದೆ. ಅಭ್ಯಾಸಬಲದಿಂದ "ವಿಠ್ಠಲ" ಎಂದು ಹೊರಟಿತು.

ರಿಯಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯೇ ಡುಪ್ಲಿಕೇಟ್ ಹೈ," ಎಂದು ತೀರ್ಪು ಕೊಟ್ಟು, ಗೋಣಿಯೊಳಗೆ ಕೈ ಹಾಕಿ ಜಗ್ಗಿದಳು. ಡೊಂಬಿವಲಿಯಲ್ಲಿ ಬಿಚ್ಚಿದ ನನ್ನ ಬಟ್ಟೆಯನ್ನು ಅದರ ತಳದಲ್ಲೇ ತುರುಕಿದ್ದೆ. ಮೊದಲು ನೀಲಿ ಗೆರೆಯ ಶರ್ಟು ಬಂತು, ಆಮೇಲೆ ಪ್ಯಾಂಟು, ಕೊನೆಗೆ ನನ್ನ ಫೋಟೋ ಇರುವ ಆಫೀಸಿನ ಐಡಿ ಕಾರ್ಡು.

"ಚೋರ್!" ಎಂದು ಕಿರುಚಿತು ಮಗು. "ಇಸ್ನೆ ಮಾವ ಕಾ ಶರ್ಟ್ ಚುರಾಯಾ!"

ಜಯಂತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಸೆಲಿನ್ ಗೋಡೆ ಕಡೆ ತಿರುಗಿದಳು, ಅವಳ ಬೆನ್ನು ಕುಲುಕುತ್ತಿತ್ತು. ಅತ್ತೆ ಮಾತ್ರ ಮೂಲೆಯ ಹಿಡಿಸೂಡಿ ಎತ್ತಿಕೊಂಡು, "ನಮ್ಮ ಅಳಿಯಂದಿರ ಅಂಗಿ ಕದೀಲಿಕ್ಕೆ ಬಂದದ್ದಾ? ನಡಿ ಹೊರಗೆ!" ಎಂದು ನನ್ನ ಬೆನ್ನಿಗೆ ಎರಡು ಬಾರಿಸಿದರು. ಕನ್ನಡಕ ತೆಗೆದಿದ್ದರಿಂದ ಗುರುತು ಸಿಗಲಿಲ್ಲ ಎಂದು ಆಮೇಲೆ ಹೇಳಿದರು. ಆದರೆ ಹೊಡೆತದಲ್ಲಿ ಅಪರಿಚಿತರಿಗೆ ಕೊಡುವ ಮರ್ಯಾದೆ ಇರಲಿಲ್ಲ.

ಬಟ್ಟೆ ಒಳಗೆ ಜಪ್ತಿಯಾಗಿತ್ತು, ನಾನು ಮೆಟ್ಟಿಲ ಮೇಲಿದ್ದೆ. ಕೊನೆಗೆ ಸುಧಾಕರ ಕಸ ಎಸೆಯುವ ನೆಪದಲ್ಲಿ ಬಂದು ಒಂದು ಲುಂಗಿ, ಬನಿಯನ್ ಕೊಟ್ಟ. "ಭಾವ, ಬೇರೆಂತದ್ದೂ ಕೈಗೆ ಸಿಕ್ಕಲಿಲ್ಲ," ಎಂದ. ಕೆಳಗೆ ಸೊಸೈಟಿಯ ಪಂಪಿನ ಕೋಣೆಯಲ್ಲಿ ವೇಷ ಕಳಚಿ, ಆಫೀಸಿನಿಂದ ಬಂದವನಂತೆ ಬೆಲ್ ಒತ್ತಿದೆ. ಲುಂಗಿಯಲ್ಲಿ ನಿಂತ ನನ್ನನ್ನು ಕಂಡು ರಿಯಾಳ ಕಣ್ಣು ತುಂಬಿ ಬಂತು. ಓಡಿ ಬಂದು ನನ್ನ ಕಾಲು ತಬ್ಬಿದಳು. "ದೇಖಾ? ಮೈ ಬೋಲಿ ಥೀ ನಾ? ಉಸ್ನೆ ಮಾವ ಕೋ ಲೂಟ್ ಲಿಯಾ!" ಎಂದು ಎಲ್ಲರಿಗೂ ನನ್ನನ್ನು ಸಾಕ್ಷಿಯಾಗಿ ತೋರಿಸಿದಳು. ಶರ್ಟನ್ನು ಮಡಚಿ ನನ್ನ ಕೈಗಿಟ್ಟಳು. ನಾನು ಥ್ಯಾಂಕ್ಸ್ ಹೇಳಿದೆ, ಮನಸ್ಸಿನಿಂದಲೇ ಹೇಳಿದೆ.

ಕೇಕ್ ಕತ್ತರಿಸುವ ಮೊದಲು ಹೊಸ ವರ್ಷಕ್ಕೆ ಏನು ಬೇಕೆಂದು ಒಬ್ಬೊಬ್ಬರೇ ಹೇಳುವುದು ಸೆಲಿನ್ ತಂದ ಪದ್ಧತಿ. ಮುಂದಿನ ಕ್ರಿಸ್ಮಸ್ಸಿಗೆ ಎಲ್ಲರೂ ಮಂಗಳೂರಿಗೆ ಹೋಗಬೇಕು ಎಂದಳು ಅವಳು. ಮೊಣಕಾಲು ನೋವು ಹೋಗಲಿ ಎಂದರು ಅತ್ತೆ. ಹಿಡಿಸೂಡಿ ಬೀಸುವಾಗ ಅದೆಲ್ಲಿತ್ತೋ. ರಿಯಾಳ ಸರದಿ ಬಂದಾಗ ಅವಳು ಕಣ್ಣು ಮುಚ್ಚಿ, ಕೈ ಜೋಡಿಸಿ, ಹೊಸ ವರ್ಷದಲ್ಲಿ ಪೊಲೀಸರು ಆ ಮೋಟಾ ಚೋರನನ್ನು ಹಿಡಿದು ಒಳಗೆ ಹಾಕಲಿ ಎಂದು ಬೇಡಿಕೊಂಡಳು.

"ಆಮೆನ್," ಎಂದರು ಎಲ್ಲರೂ. ನಾನು ಸುಮ್ಮನಿದ್ದೆ. ಮಗು ಒಂದು ಕಣ್ಣು ತೆರೆದು ನನ್ನ ಕಡೆ ನೋಡಿತು. ಕಳೆದುಕೊಂಡವನೇ ಬಾಯಿ ಮುಚ್ಚಿ ಕೂತರೆ ಹೇಗೆ? ನಾನೂ ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದೆ.