ಚಪ್ಪಲಿ ಕಾದ ತಿರುಮಲೇಶ

ಇಷ್ಟಕ್ಕೆಲ್ಲ ಕಾರಣ ಒಂದು ಜೊತೆ ಹೊಸ ಚಪ್ಪಲಿ. ಜಯನಗರ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಅಂಗಡಿಯಿಂದ ಅಂಗಡಿಗೆ ಹತ್ತಿ ಇಳಿದು ಹೆಂಡತಿ ವಿಜಯಲಕ್ಷ್ಮಿ ಕೊಡಿಸಿದ ಚರ್ಮದ ಚಪ್ಪಲಿ. “ಟೂರಿಗೂ ಆ ಹರಕಲು ಹಾಕ್ಕೊಂಡು ಬಂದ್ರೆ ನಾನಂತೂ ಪಕ್ಕದಲ್ಲಿ ಕೂರಲ್ಲ” ಎಂದು ಹೆದರಿಸಿಯೇ ಕೊಡಿಸಿದ್ದಳು. ಅದನ್ನು ಹಾಕಿಕೊಂಡ ತಿರುಮಲೇಶ ಹೊಸದಾಗಿ ಲಾಳ ಹೊಡೆಸಿಕೊಂಡ ಎತ್ತಿನ ಹಾಗೆ ಕಾಲನ್ನು ಎತ್ತೆತ್ತಿ ಇಡುತ್ತಿದ್ದ.

ತಿರುಮಲೇಶ ಗಿರಿನಗರದವನು. ನೀರಿನ ಬಿಲ್ಲು ಬರೆಯುವುದು ಅವನ ಕೆಲಸ. ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಮನೆಮನೆಯ ಮೀಟರು ಬಗ್ಗಿ ಬಗ್ಗಿ ನೋಡಿ ಸೊಂಟ ಕುಡುಗೋಲಿನಂತೆ ಬಾಗಿತ್ತು. ಐವತ್ತು ದಾಟಿದ್ದರೂ ಸಮುದ್ರ ನೋಡಿರಲಿಲ್ಲ. ಆಸೆ ದೊಡ್ಡದೇನಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಬೇಕು, ಅಷ್ಟೇ. ಜೀವಮಾನವೆಲ್ಲ ನೀರಿಗೆ ಬಿಲ್ಲು ಬರೆದವನು ಒಂದು ಸಲವಾದರೂ ಬಿಲ್ಲಿಲ್ಲದ ನೀರಿನಲ್ಲಿ ಕಾಲಿಡುವುದು ಬೇಡವೇ? ಹಾಗಾಗಿ ಬೀದಿಯವರೆಲ್ಲ ಸೇರಿ ಕರಾವಳಿ ಟೂರ್ ಹಾಕಿದಾಗ ಮೊದಲು ಹೆಸರು ಕೊಟ್ಟವನು ಅವನೇ. ಶುಕ್ರವಾರ ರಾತ್ರಿ ಬಸ್ಸು ಹತ್ತುವುದು, ಶನಿವಾರ ಇಡೀ ದಿನ ಕರಾವಳಿ ಸುತ್ತುವುದು, ಸೂರ್ಯ ಮುಳುಗಿದ ಮೇಲೆ ವಾಪಸು.

ಗೈಡ್ ನಿಂಗರಾಜ ಹಾವೇರಿ ಕಡೆಯ ಹುಡುಗ, ಬಿ.ಟಿ.ಎಂ. ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದವನು. ಬಸ್ಸಿನ ಮುಂದೆ ನಿಂತು ಮೈಕಿನಲ್ಲಿ ಹೇಳಿದ: “ಯಾರೂ ಗಡಿಬಿಡಿ ಮಾಡಬ್ಯಾಡ್ರಿ. ಇದು ಆರಾಮ ಟೂರ್ ಐತ್ರಿ. ದೇವ್ರೂ ಎಲ್ಲೂ ಓಡಿ ಹೋಗಂಗಿಲ್ಲ, ಸಮುದ್ರಾನೂ ಎಲ್ಲೂ ಓಡಿ ಹೋಗಂಗಿಲ್ಲ.”

ಬೆಳಿಗ್ಗೆ ಉಡುಪಿ. ಬಸ್ಸು ದೂರದಲ್ಲಿ ನಿಂತಿತು. ಅಲ್ಲಿಂದ ಬರಿಗಾಲಲ್ಲಿ ನಡೆದರೆ ಕಲ್ಲು ಚುಚ್ಚುತ್ತದೆ ಎಂದು ಎಲ್ಲರೂ ಚಪ್ಪಲಿ ಹಾಕಿಕೊಂಡೇ ರಥಬೀದಿಯವರೆಗೆ ಬಂದರು. ಅಲ್ಲಿ ತಿರುಮಲೇಶ ಬಗ್ಗಿ ತನ್ನ ಕಾಲು ನೋಡಿಕೊಂಡ. ದೇವಸ್ಥಾನದ ಮುಂದೆ ಹೊಸ ಚಪ್ಪಲಿ ಬಿಟ್ಟು ಒಳಗೆ ಹೋದರೆ ದೇವರ ಮುಂದೆ ನಿಂತಾಗ ಕಣ್ಣಿಗೆ ಚಪ್ಪಲಿಯೇ ಕಾಣುತ್ತದೆ. ಅದಕ್ಕೇ ಅವನು, “ನೀವೆಲ್ಲ ಹೋಗಿ ಬನ್ನಿ. ನಾನಿಲ್ಲೇ ಇರ್ತೀನಿ, ಆಮೇಲೆ ಹೋಗ್ತೀನಿ” ಎಂದುಬಿಟ್ಟ.

ಮೊದಲು ತಿರುಗಿ ನೋಡಿದವರು ಎದುರು ಮನೆಯ ಸೀತಾಲಕ್ಷ್ಮಮ್ಮ. ಬೀದಿಯಲ್ಲಿ ಯಾರ ಮನೆಗೆ ಹಾಲು ಎಷ್ಟು ಬರುತ್ತದೆ, ಯಾರ ಮನೆಗೆ ನೆಂಟರು ಯಾವಾಗ ಬರುತ್ತಾರೆ, ಎಲ್ಲ ಅವರಿಗೆ ಗೊತ್ತು. “ಅಯ್ಯೋ, ಎಷ್ಟು ಒಳ್ಳೆಯವ್ರು ನೀವು! ನಂದೂ ಸ್ವಲ್ಪ ನೋಡ್ಕೊಳ್ಳಿ” ಎಂದು ಚಪ್ಪಲಿ ಬಿಟ್ಟು ಹೋದರು. ಅವರ ಹಿಂದೆ ಪಕ್ಕದ ಮನೆಯ ಸೇತುರಾಮ ಬಿಟ್ಟ. ಅವನ ಹಿಂದೆ ಇಡೀ ಬಸ್ಸೇ ಬಿಟ್ಟಿತು. ಕ್ಷಣದಲ್ಲಿ ತಿರುಮಲೇಶನ ಸುತ್ತ ಚಪ್ಪಲಿಯ ಜಾತ್ರೆ.

ಅವರು ಬಂದ ಮೇಲೆ ತಿರುಮಲೇಶ ಒಳಗೆ ಹೋಗೋಣವೆಂದರೆ ನಿಂಗರಾಜ ಸೀಟಿ ಊದಿದ. “ತಿಂಡಿ ಆರಿ ಹೊಕ್ಕೈತ್ರೀ!”

ಮನುಷ್ಯನ ಒಳ್ಳೆಯತನ ಒಮ್ಮೆ ಬಯಲಾದರೆ ಸಾಕು, ಜನ ಅದನ್ನು ಸಾರ್ವಜನಿಕ ನಲ್ಲಿ ಮಾಡಿಕೊಳ್ಳುತ್ತಾರೆ. ಎರಡನೆಯ ಗುಡಿಯಲ್ಲಿ ಯಾರೂ ಕೇಳಲೂ ಇಲ್ಲ. ಅವನ ಮುಂದೆ ಬಂದು ಚಪ್ಪಲಿ ಕಳಚುತ್ತ ಹೋದರು, ಅಷ್ಟೇ.

“ಲೇ, ನಾನೂ ಒಳಗೆ ಬರ್ತೀನಿ ಕಣೇ” ಎಂದು ಹೆಂಡತಿಯ ಕಿವಿಯಲ್ಲಿ ಗೋಗರೆದ.

“ಸುಮ್ನಿರಿ. ಎಲ್ರೂ ನಿಮ್ಮನ್ನ ಎಷ್ಟು ಹೊಗಳ್ತಿದಾರೆ ಗೊತ್ತಾ? ಮದ್ವೆಯಾದಾಗಿಂದ ನಿಮ್ಮನ್ನ ಯಾರಾದ್ರೂ ಹೊಗಳಿದ್ದು ಇದೇ ಮೊದಲು. ಕೆಡಿಸ್ಕೋಬೇಡಿ” ಎಂದು ವಿಜಯಲಕ್ಷ್ಮಿ ಹೋಗಿಯೇಬಿಟ್ಟಳು.

ಅಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಬೇರೆ ಬಸ್ಸಿನಲ್ಲಿ ಬಂದವರು ಚಪ್ಪಲಿ ರಾಶಿಯ ನಡುವೆ ಕೂತವನನ್ನು ಕಂಡು ಇದೇ ಚಪ್ಪಲಿ ಸ್ಟ್ಯಾಂಡ್ ಎಂದುಕೊಂಡು ತಮ್ಮದನ್ನೂ ಬಿಟ್ಟರು. “ಇದು ಸ್ಟ್ಯಾಂಡಲ್ಲ ಸಾರ್” ಎಂದು ತಿರುಮಲೇಶ ಹೇಳುವಷ್ಟರಲ್ಲಿ ಅವರು ಗರುಡಗಂಬ ದಾಟಿದ್ದರು. ಅಷ್ಟು ಹೊತ್ತಿಗೆ ನಿಜವಾದ ಸ್ಟ್ಯಾಂಡಿನವನು ಪಂಚೆ ಮೇಲೆ ಕಟ್ಟಿಕೊಂಡು ಬಂದ.

“ಎಂತ ಮಾರಾಯ್ರೆ ಇದು? ನಿಮಗೆ ಯಾರು ಟೆಂಡರ್ ಕೊಟ್ಟದ್ದು?”

“ಅಯ್ಯೋ, ನಾನು ಬೆಂಗಳೂರಿನವನು ಸ್ವಾಮಿ! ಟೂರಿಗೆ ಬಂದಿದೀನಿ!”

“ಟೂರಿಗೆ ಬಂದವರು ಚಪ್ಪಲಿ ಕಾಯ್ತಾರಾ? ನನ್ನನ್ನು ಎಂತ ಅಂದುಕೊಂಡಿದ್ದೀರಿ?”

ಪ್ರಶ್ನೆ ಸರಿಯಾಗಿಯೇ ಇತ್ತು. ಕೊನೆಗೆ ತಿರುಮಲೇಶ ಹೊರಗಿನವರ ಚಪ್ಪಲಿಯನ್ನೆಲ್ಲ ತಾನೇ ಎರಡು ಕೈಯಲ್ಲಿ ಹೊತ್ತು ಅವನ ಸ್ಟ್ಯಾಂಡಿಗೆ ಸಾಗಿಸಿಕೊಟ್ಟು ಮಾನ ಉಳಿಸಿಕೊಂಡ.

ಮಧ್ಯಾಹ್ನದ ಊಟವಾಗಿ ಬಸ್ಸು ಹೊರಟಿತು. ಸ್ವಲ್ಪ ಹೊತ್ತಿಗೆ ನಿಂಗರಾಜ ಮೈಕು ಹಿಡಿದು, “ಈಗ ಮರವಂತೆ ಬರ್ತದ ನೋಡ್ರಿ! ಎಡಕ್ಕ ಸಮುದ್ರ, ಬಲಕ್ಕ ಹೊಳಿ, ನಡುವ ನಾವು!” ಎಂದ. ತಿರುಮಲೇಶ ಬಲಗಡೆ ಕೂತಿದ್ದ. ಎದ್ದು ನಿಂತು ಎಡಕ್ಕೆ ಕತ್ತು ಚಾಚಿದ. ಆ ಕಡೆಯಿಂದ ಬಿಸಿಲು ಬರುತ್ತದೆಂದು ಎಡಗಡೆಯವರೆಲ್ಲ ಪರದೆ ಎಳೆದುಕೊಂಡು ನಿದ್ದೆ ಹೊಡೆಯುತ್ತಿದ್ದರು. ಅವನು ಒಂದು ಪರದೆಯ ತುದಿ ಹಿಡಿದು ಸರಿಸಿದ್ದೇ ತಡ, ಸೇತುರಾಮ ಕಣ್ಣು ಬಿಟ್ಟು, “ಏನ್ ಸಾರ್, ಕಣ್ಣಿಗೇ ಬಿಸಿಲು ಹೊಡಿಸ್ತೀರಲ್ಲ! ನಿಮ್ಮ ಕಡೆ ಹೊಳೆ ಚೆನ್ನಾಗಿದೆ, ಅದನ್ನ ನೋಡಿ” ಎಂದು ಪರದೆ ಎಳೆದುಕೊಂಡ.

ತಿರುಮಲೇಶ ಹೊಳೆ ನೋಡಿದ. ಅವನ ಪಾಲಿಗೆ ಅದೂ ಮಾಮೂಲಿ ನೀರೇ.

ಅಲ್ಲಿಗೆ ಅವನ ತಾಳ್ಮೆ ಮುಗಿಯಿತು. ಸಂಜೆಯ ಕೊನೆಯ ಜಾಗ ಸಮುದ್ರದ ದಂಡೆಯ ಮೇಲಿನ ದೇವಸ್ಥಾನ. ಅಲ್ಲೂ ಚಪ್ಪಲಿ ಕಾಯುತ್ತ ಕೂತರೆ ಸಮುದ್ರದ ಹತ್ತಿರ ಬಂದೂ ಅದರ ಮುಖ ನೋಡದೆ ಹೋದಂತಾಗುತ್ತದೆ. ‘ಆಗಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ: ತಾನು ನಂಬಿಕೆಗೆ ಯೋಗ್ಯನಲ್ಲ ಎಂದು ತೋರಿಸಬೇಕು. ಒಂದು ಜೊತೆ ಕಳೆದುಹಾಕಿದರೆ ಸಾಕು, ಅವರೇ ಕೆಲಸದಿಂದ ತೆಗೆಯುತ್ತಾರೆ.

ಮೂರನೆಯ ಗುಡಿಯಲ್ಲಿ ಎಲ್ಲರೂ ಒಳಗೆ ಹೋದ ಮೇಲೆ ಅವನು ಆರಿಸಿದ್ದು ಸೀತಾಲಕ್ಷ್ಮಮ್ಮನವರ ಚಪ್ಪಲಿಯನ್ನೇ. ಬೈದರೆ ಊರಿಗೆ ಕೇಳುವಂತೆ ಬೈಯುವವರು ಅವರೊಬ್ಬರೇ. ಪಕ್ಕದಲ್ಲಿ ತೆಂಗಿನಕಾಯಿ ತುಂಬಿದ ಲಾರಿಯೊಂದು ಹೊರಡುತ್ತಿತ್ತು. ಆ ಕಡೆ ಈ ಕಡೆ ನೋಡಿ, ಜೋಡಿಯನ್ನು ಕಾಯಿಗಳ ಮೇಲೆ ಎಸೆದ. ಲಾರಿ ಹೊಗೆ ಬಿಟ್ಟು ಹೋಯಿತು. ತಿರುಮಲೇಶ ಸಾವಿನ ಮನೆಗೆ ಹೋದವನ ಮುಖ ಮಾಡಿಕೊಂಡು ಕೂತ.

“ನನ್ನ ಚಪ್ಪಲಿ ಎಲ್ಲಿ?” ಸೀತಾಲಕ್ಷ್ಮಮ್ಮ ಬಂದವರೇ ಕೇಳಿದರು.

“ಮೇಡಂ... ಒಂದ್ ನಿಮಿಷ ಕಣ್ಣು ಹತ್ತಿಬಿಡ್ತು. ನೋಡ್ತೀನಿ, ಇಲ್ಲ. ನನ್ನದೇ ತಪ್ಪು. ನಾನು ಈ ಕೆಲ್ಸಕ್ಕೆ ಲಾಯಕ್ಕಲ್ಲ.”

ಸೀತಾಲಕ್ಷ್ಮಮ್ಮ ಬಾಯಿ ತೆರೆದರು. ತಿರುಮಲೇಶ ಕಣ್ಣು ಮುಚ್ಚಿದ. ಬೈಗಳು ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಆಕೆ ಗೋಪುರದ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿಯುತ್ತಿದ್ದರು.

“ಪೀಡೆ ಹೋಯ್ತು! ಶನಿವಾರ, ದೇವಸ್ಥಾನದ ಬಾಗಿಲಲ್ಲಿ, ಜೊತೆ ಸಮೇತ ಚಪ್ಪಲಿ ಹೋಗಿದೆ! ಹಿಡಿದಿದ್ದ ಶನಿ ಚಪ್ಪಲಿ ಹಾಕ್ಕೊಂಡು ಹೋದ ಕಣ್ರೀ!”

ದೇವಸ್ಥಾನದಲ್ಲಿ ಚಪ್ಪಲಿ ಕಳೆದರೆ ಕಷ್ಟ ಕಳೆಯಿತು ಎಂದು ತಿರುಮಲೇಶನ ತಾಯಿಯೂ ಹೇಳುತ್ತಿದ್ದಳು. ಹಾಳಾದದ್ದು, ಬೇಕಾದ ಹೊತ್ತಿಗೆ ಅದು ನೆನಪಾಗಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಒಂದು ರೀತಿ. ಎದುರಿಗಿದ್ದ ಎಸ್.ಟಿ.ಡಿ. ಬೂತಿನಿಂದ ಸೀತಾಲಕ್ಷ್ಮಮ್ಮ ಮನೆಗೆ ಫೋನ್ ಮಾಡಿದರು. ಫೋನ್ ಇಟ್ಟವರು ಬರಿಗಾಲಲ್ಲೇ ಓಡಿಬಂದರು. “ಪ್ರಕೃತಿಗೆ ಗಂಡು ಒಪ್ಪಿದ್ದಾನಂತೆ! ಜೆ.ಪಿ. ನಗರದವ್ರು! ಈಗ ತಾನೇ ಹೇಳಿ ಕಳಿಸಿದಾರಂತೆ!” ನಾಲ್ಕು ವರ್ಷದಿಂದ ಗಿರಿನಗರದಲ್ಲಿ ಅವರ ಮಗಳು ಪ್ರಕೃತಿಯ ಕೈಯ ಉಪ್ಪಿಟ್ಟು ತಿಂದು ಹೋಗದ ಗಂಡಿನ ಕಡೆಯವರೇ ಇರಲಿಲ್ಲ.

ಇಡೀ ಬಸ್ಸು ತಿರುಮಲೇಶನನ್ನು ಬೆರಗಿನಿಂದ ನೋಡಿತು.

“ನನ್ನ ಬಾಡಿಗೆಯವನು ಮನೆ ಖಾಲಿ ಮಾಡ್ತಿಲ್ಲ” ಎಂದ ಸೇತುರಾಮ, ತನ್ನ ಚಪ್ಪಲಿಯ ಕಡೆಯೇ ಹೊಸದಾಗಿ ನೋಡುತ್ತ. ಇನ್ನೊಬ್ಬರಿಗೆ ಮಂಡಿನೋವು. ಮತ್ತೊಬ್ಬರಿಗೆ ಪ್ರಮೋಷನ್ ಬಾಕಿ. ಬಸ್ಸಿನಲ್ಲಿ ಶನಿ ಹಿಡಿಯದವರೇ ಇಲ್ಲ ಎಂದು ಅವತ್ತು ಗೊತ್ತಾಯಿತು.

ತಿರುಮಲೇಶ ಹೆಂಡತಿಗೆ ಪಿಸುಗುಟ್ಟಿದ: “ಲೇ, ಅದನ್ನ ಲಾರಿಗೆ ಎಸೆದವನು ನಾನೇ ಕಣೇ. ಹೇಳಿಬಿಡ್ತೀನಿ.”

ವಿಜಯಲಕ್ಷ್ಮಿ ಅವನ ತೊಡೆ ಜಿಗುಟಿದಳು. “ಬಾಯಿ ಬಿಟ್ರೆ ನೋಡಿ! ನಾಳೆ ಆ ಸಂಬಂಧ ಏನಾದ್ರೂ ಮುರೀತು ಅನ್ನಿ, ಆಯಮ್ಮ ನಮ್ಮನ್ನ ಬೀದೀಲಿ ಇರಕ್ಕೆ ಬಿಡ್ತಾಳಾ?”

ಬಸ್ಸು ಕಡಲ ದಂಡೆಯ ದೇವಸ್ಥಾನ ತಲುಪಿದಾಗ ಬಿಸಿಲು ಹಳದಿಯಾಗಿತ್ತು. ದೇವಸ್ಥಾನದ ಹಿಂದೆ ಸಮುದ್ರ. ಸದ್ದು ಕೇಳುತ್ತಿತ್ತು, ಗಾಳಿ ಉಪ್ಪಾಗಿತ್ತು, ಕಾಣುತ್ತಿದ್ದುದು ಮಾತ್ರ ಗೋಡೆ. ಎಲ್ಲರೂ ತಿರುಮಲೇಶನ ಮುಂದೆ ಸಾಲಾಗಿ ಬಂದು, ಹುಂಡಿಗೆ ಕಾಣಿಕೆ ಹಾಕುವಷ್ಟು ಭಕ್ತಿಯಿಂದ ಚಪ್ಪಲಿ ಬಿಟ್ಟರು.

“ನೀವಾಗಿ ಬಿಸಾಕ್ಬಾರ್ದು” ಎಂದು ಸೀತಾಲಕ್ಷ್ಮಮ್ಮ ನಿಯಮ ಹೇಳಿದರು. “ಯಾರಿಗೂ ಕೊಡಲೂಬಾರ್ದು. ತಾನಾಗೇ ಹೋಗ್ಬೇಕು. ನೀವು ಸಮುದ್ರಕ್ಕೂ ಚಪ್ಪಲಿಗೂ ಬೆನ್ನು ಹಾಕಿ ರಸ್ತೆ ಕಡೆ ಮುಖ ಮಾಡಿ ಕೂತ್ಕೊಳ್ಳಿ.”

“ಕಳುವಾಗ್ಬೇಕು ಅಂದ್ರೆ ನಾನು ಯಾಕೆ ಮೇಡಂ? ನಾನೂ ಸಮುದ್ರಕ್ಕೆ ಬರ್ತೀನಿ. ಯಾರೂ ಇಲ್ದಿದ್ರೆ ಬೇಗ ಹೋಗುತ್ತೆ.”

“ಅದ್ಹೆಂಗಾಗುತ್ತೆ ಸಾರ್?” ಸೇತುರಾಮ ಗದರಿದ. “ನೀವು ಕಾಯ್ತಿದ್ದಾಗ್ಲೇ ತಾನೆ ಹೋಗಿದ್ದು? ನಿಮ್ಮ ಕೈಗುಣ ಅದು. ಮನೆಮನೆ ಕಷ್ಟ ಇದೆ, ಒಂದ್ ಗಂಟೆ ಕೂತ್ರೆ ನಿಮ್ಮ ಗಂಟೇನು ಹೋಗುತ್ತೆ?”

ಎಲ್ಲರೂ ದೇವರಿಗೆ ಕೈಮುಗಿದು ಹಾಗೇ ಸಮುದ್ರಕ್ಕೆ ಇಳಿದುಹೋದರು. ಇಷ್ಟು ಹೊತ್ತೂ ಚಪ್ಪಲಿ ಕಳುವಾಗದಿರಲಿ ಎಂದು ಕಾದಿದ್ದ ತಿರುಮಲೇಶ ಈಗ ಯಾವಾಗ ಕಳುವಾಗುತ್ತದೋ ಎಂದು ಕಾಯುತ್ತ ಕೂತ.

ಆ ಊರಿನಲ್ಲಿ ಒಬ್ಬನಾದರೂ ಕಳ್ಳ ಬೇಡವೇ? ಹೋಗುವವರು ಬರುವವರು ರಾಶಿಯನ್ನು ಬಳಸಿಕೊಂಡು ಹೋದರು. ಕೊನೆಗೆ ಒಂದು ನಾಯಿ ಬಂದು ಸೇತುರಾಮನ ಎಡಗಾಲಿನದನ್ನು ಕಚ್ಚಿಕೊಂಡು ಓಡಿತು. ತಿರುಮಲೇಶ ಮನಸ್ಸಿನಲ್ಲೇ ಶಹಬ್ಬಾಸ್ ಎಂದ. ಎದುರಿಗೆ ಹೂವು ಮಾರುತ್ತಿದ್ದ ಮುದುಕಿ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗಿ ಅದನ್ನು ಕಿತ್ತು ತಂದಳು.

“ನೀವು ಬೆನ್ನು ಹಾಕಿ ಕೂತರೆ ಹೇಗೆ ಮಾರಾಯ್ರೆ? ನೀವು ಕಡಲು ನೋಡ್ಲಿಲ್ವಾ?”

“ಹುಟ್ಟಿದಾಗಿಂದ ನೋಡಿಲ್ಲ ತಾಯಿ” ಎಂದ. ಕಣ್ಣಲ್ಲಿ ನೀರೇ ಬಂತು.

“ಅಯ್ಯೋ ದೇವರೇ! ಹೋಗಿ ಬನ್ನಿ. ಇದನ್ನು ನಾನು ನೋಡಿಕೊಳ್ತೇನೆ.”

ತಿರುಮಲೇಶ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ತನ್ನ ಹೊಸ ಚಪ್ಪಲಿಯನ್ನೂ ರಾಶಿಗೆ ಸೇರಿಸಿ, ಗೋಡೆ ಸುತ್ತಿ, ತೆಂಗಿನ ಮರ ದಾಟಿ ಓಡಿದ. ಒಮ್ಮೆಲೇ ಅದು ಎದುರಾಯಿತು. ಮೀಟರಿಲ್ಲ, ನಲ್ಲಿಯಿಲ್ಲ, ಅಂಚಿಲ್ಲ. ಸೂರ್ಯ ಕೆಂಪಗೆ, ಇನ್ನೇನು ನೀರು ಮುಟ್ಟುವಷ್ಟು ಕೆಳಗಿದ್ದ. ತಿರುಮಲೇಶನ ಓಟ ತಾನಾಗಿಯೇ ನಿಧಾನವಾಯಿತು. ಪ್ಯಾಂಟು ಮಡಿಸಿದ. ಒದ್ದೆ ಮರಳಿನ ಮೇಲೆ ಕಾಲಿಟ್ಟ. ಆಗಷ್ಟೇ ಬಂದಿದ್ದ ಅಲೆ ಹಿಂದೆ ಸರಿಯುತ್ತಿತ್ತು. ಮುಂದಿನದು ದೂರದಲ್ಲಿ ತಲೆ ಎತ್ತಿತು. ಅವನು ಉಸಿರು ಹಿಡಿದು ನಿಂತ.

“ತಿರುಮಲೇಶ್ ಬಂದ್ರು!” ನೀರಿನಲ್ಲಿದ್ದ ಸೇತುರಾಮ ಕೂಗಿದ. “ಅಂದ್ರೆ ಎಲ್ಲಾ ಹೋದ್ವು!”

“ಎಲ್ಲಾ ಹೋದ್ವಾ?” “ನಂದೂ ಹೋಯ್ತಾ?” “ಭೇಷ್ ಗುರುವೇ!”

“ಅಲ್ಲ, ಕೇಳಿ ಇಲ್ಲಿ...” ಎಂದು ತಿರುಮಲೇಶ ಕೈ ಎತ್ತಿದ. ಆ ಕೈಯನ್ನೇ ಹಿಡಿದರು. ಇನ್ನಿಬ್ಬರು ಕಾಲು ಹಿಡಿದರು. ಅಲೆ ಬಂದು ಮುಟ್ಟುವಷ್ಟರಲ್ಲಿ ಅವನು ನೆಲದ ಮೇಲೆ ಇರಲಿಲ್ಲ, ನಾಲ್ಕು ಜನರ ಹೆಗಲ ಮೇಲಿದ್ದ. ಅಲೆ ಹೊತ್ತವರ ಕಾಲು ತೊಳೆದು ಹೋಯಿತು. ಮದುವೆ ಗಂಡಿನ ಮೆರವಣಿಗೆಯಂತೆ ಜೈಕಾರ ಹಾಕುತ್ತ ಅವನನ್ನು ದೇವಸ್ಥಾನದ ಕಡೆಗೆ ಹೊತ್ತುಕೊಂಡು ಹೋದರು. ಹಿಂದಕ್ಕೆ ತಿರುಗಿ ನೋಡಲು ಹೋದರೆ, “ಅಲ್ಲಾಡ್ಬೇಡಿ ಸಾರ್, ಬೀಳ್ತೀರ!” ಎಂದು ತೊಡೆ ಒತ್ತಿ ಹಿಡಿದರು. ಸೂರ್ಯ ಅವನ ಬೆನ್ನ ಹಿಂದೆ ಮುಳುಗಿದ.

ದೇವಸ್ಥಾನದ ಮುಂದೆ ಹೂವಿನ ಮುದುಕಿ ಎದ್ದು ನಿಂತು ನಕ್ಕಳು. “ಎಲ್ಲ ಜೋಡಿ ಮಾಡಿ ಸಾಲಾಗಿ ಇಟ್ಟಿದ್ದೇನೆ ನೋಡಿ. ಒಂದೂ ಹೋಗ್ಲಿಲ್ಲ!”

ಜೈಕಾರ ನಿಂತಿತು. ಹೊತ್ತವರು ಅವನನ್ನು ನಿಧಾನವಾಗಿ, ಒಂದು ಮೂಟೆಯನ್ನು ಇಳಿಸುವ ಹಾಗೆ ಕೆಳಗಿಳಿಸಿದರು. ಸೇತುರಾಮ ತನ್ನ ಎಡಗಾಲಿನ ಚಪ್ಪಲಿಯಲ್ಲಿ ನಾಯಿಯ ಹಲ್ಲಿನ ಗುರುತು ನೋಡಿ ಹಲ್ಲು ಕಡಿದ. “ಒಂದ್ ಗಂಟೆ ಕೂರಕ್ಕಾಗ್ಲಿಲ್ವಲ್ಲ ಸಾರ್ ನಿಮ್ಗೆ! ಆಸೆಬುರುಕರು!”

“ಹೋಗ್ಲಿ ಬಿಡಿ, ಬೈಬೇಡಿ” ಎಂದು ಸೀತಾಲಕ್ಷ್ಮಮ್ಮ ಸಮಾಧಾನ ಮಾಡಿದರು. “ಇಲ್ಲಿಯವ್ರು ತೀರಾ ಪ್ರಾಮಾಣಿಕರು, ಇವರೇನ್ ಮಾಡ್ತಾರೆ? ಮುಂದಿನ ತಿಂಗಳು ಕನ್ಯಾಕುಮಾರಿ ಟೂರ್ ಹಾಕೋಣ. ಅಲ್ಲಿ ಜನ ಜಾಸ್ತಿ, ಗ್ಯಾರಂಟಿ ಹೋಗುತ್ತೆ. ತಿರುಮಲೇಶ್ ಅವರಿಗೆ ಫಸ್ಟ್ ಸೀಟು!”

“ಆರಾಮ ಹೋಗೂಣ್ರಿ” ಎಂದು ನಿಂಗರಾಜ ಅಲ್ಲೇ ಒಪ್ಪಿಕೊಂಡ.

ಬಸ್ಸು ಹೊರಟಿತು. ವಿಜಯಲಕ್ಷ್ಮಿ ಒದ್ದೆ ಸೆರಗು ಹಿಂಡುತ್ತ, ಗಂಡನ ಮೇಲೆ ಕನಿಕರ ಬಂದು, “ಬೇಜಾರ್ ಮಾಡ್ಕೋಬೇಡಿ ರೀ. ಕನ್ಯಾಕುಮಾರೀಲಿ ಒಂದಲ್ಲ, ಮೂರು ಸಮುದ್ರ ಇದೆಯಂತೆ” ಎಂದಳು.

ತಿರುಮಲೇಶ ಮೂರಕ್ಕೂ ಒಟ್ಟಿಗೇ ಬೆನ್ನು ಹಾಕಿ ಕೂರುವುದು ಹೇಗೆ ಎಂದು ಯೋಚಿಸುತ್ತಿದ್ದ.