ಮೂವತ್ತು ದಿನಗಳ ನಿಯಮ

ಬಾಗಿಲು ಕಾಯುವವರ ಬದುಕಿನಲ್ಲಿ ತಮಾಷೆ ನಡೆಯುವುದಿಲ್ಲವೆಂದು ಜನ ತಿಳಿದಿದ್ದಾರೆ. ನಡೆಯುತ್ತದೆ. ಪಕ್ಕದಲ್ಲಿ ಕುಳಿತು ನಗುವವರು ಇಲ್ಲದ ಕಾರಣ ಬರೆದಿಡಬೇಕಾಗುತ್ತದೆ, ಅಷ್ಟೆ.

ನಾನು ಕಾಯುವುದು ಒಂದು ಸರ್ವರನ್ನು. ಚಿಕ್ಕಬಳ್ಳಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲೂ ತಂಡಗಳಿವೆ; ಒಟ್ಟು ಹತ್ತೊಂಬತ್ತು ಮಂದಿ. ಅವರು ಬರೆಯುವ ಪ್ರೋಗ್ರಾಮುಗಳೆಲ್ಲ ನನ್ನ ಕೋಣೆಯ ಸರ್ವರಿನಲ್ಲಿ ಒಟ್ಟಿಗೆ ಇರುತ್ತವೆ. ಯಾರು, ಯಾವ ಸಾಲನ್ನು, ಯಾವಾಗ, ಏಕೆ ತಿದ್ದಿದರೆಂಬುದನ್ನು ಅದು ಮರೆಯುವುದಿಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರ ತಿದ್ದುಪಡಿಯನ್ನು ಒಪ್ಪಬೇಕು ಎಂದು ನಿರ್ಧರಿಸುವವಳು ನಾನು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಮೂರು ಸಂಗತಿ. ಸಮಯಕ್ಕೆ ಬರಬೇಕು, ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡಬೇಕು, ಹೋಗುವಾಗ ಬಾಗಿಲು ಹಾಕಬೇಕು. ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇವೇ ಮೂರನ್ನು ಇಟ್ಟುಕೊಂಡು ನಿವೃತ್ತಿಯವರೆಗೆ ದುಡಿದೆ. ಈಗಲೂ ಇವೇ ಸಾಕಾಗುತ್ತಿವೆ.

ಕಂಪನಿಯ ಮಾಲೀಕರಿಗೆ ಮಾತ್ರ ಹಾಗೆನ್ನಿಸುತ್ತಿರಲಿಲ್ಲ. ನನ್ನ ಅರ್ಧ ವಯಸ್ಸಿನವರು, ಒಳ್ಳೆಯವರು. ಎರಡು ತಿಂಗಳಿಗೊಮ್ಮೆ ಬಾಗಿಲಲ್ಲಿ ನಿಂತು, "ಮೇಡಂ, ಈ ಸರ್ವರ್ ನಮಗ್ಯಾಕೆ? ಹೊರಗಡೆ ಬಾಡಿಗೆಗೆ ಸಿಗುತ್ತೆ. ನೀವೂ ರೆಸ್ಟ್ ತಗೋಬಹುದು" ಎನ್ನುತ್ತಿದ್ದರು. ಹಾಗಾದರೆ ದಿನಕ್ಕೊಮ್ಮೆಯಾದರೂ ನನ್ನನ್ನು ಯಾರಾದರೂ ಹುಡುಕಿಕೊಂಡು ಬರಲು ಬೇರೆ ಕಾರಣವಿರುವುದಿಲ್ಲ. ಇದನ್ನು ಅವರಿಗೆ ಹೇಳಿಲ್ಲ. "ಯೋಚಿಸೋಣ" ಎಂದಷ್ಟೇ ಹೇಳುತ್ತಿದ್ದೆ.

ಮುಹೂರ್ತದಲ್ಲಿ ಹದಿಮೂರು ಸಾಲು

ಶಿಡ್ಲಘಟ್ಟದ ತಂಡ ರೇಷ್ಮೆಗೂಡಿನ ಹರಾಜಿಗೆ ಬೇಕಾದ ಪ್ರೋಗ್ರಾಮು ಬರೆಯುತ್ತದೆ. ಅಲ್ಲಿ ಒಬ್ಬ ಹುಡುಗಿ. ದಾಖಲೆಯ ಪ್ರಕಾರ ಆಕೆ ದಿನಕ್ಕೆ ಇಪ್ಪತ್ತೆರಡು ಗಂಟೆ ದುಡಿಯುತ್ತಿದ್ದಳು. ಶ್ರದ್ಧೆಯನ್ನು ನಾನು ಅನುಮಾನಿಸುವವಳಲ್ಲ. ಆದರೆ ಮದುವೆಗೆಂದು ರಜೆ ಹಾಕಿದ ದಿನವೂ, ಬೆಳಗ್ಗೆ ಹತ್ತೂವರೆಗೆ, ಆಕೆ ಹದಿಮೂರು ಸಾಲು ತಿದ್ದಿದ್ದಳು. ನಾನು ಶಿಡ್ಲಘಟ್ಟಕ್ಕೆ ಫೋನು ಮಾಡಿದೆ.

"ಆ ಹುಡುಗಿಯ ಮದುವೆ ಮುಂದಕ್ಕೆ ಹೋಯಿತೇ?"

ತಂಡದ ಹಿರಿಯ ಗಾಬರಿಯಾದ. "ಅಯ್ಯೋ, ಬಿಡ್ತು ಅನ್ನಿ ಮೇಡಂ! ಚೆನ್ನಾಗೇ ಆಯ್ತು. ಊಟ ಮಾಡ್ಕೊಂಡು ಈಗ ತಾನೇ ಬಂದ್ವಿ."

"ಹಾಗಾದರೆ ಹತ್ತೂವರೆಗೆ ತಿದ್ದಿದವರು ಯಾರು?"

"ಅದು... ನಾವೇ ಮೇಡಂ. ನಾವೆಲ್ಲ ಅವಳ ಖಾತೇಲೇ ಮಾಡೋದು. ಕೇಳಿದ್ರೆ ಅವಳು ಇಲ್ಲ ಅನ್ನಲ್ಲ. ಪಕ್ಕದ ಮನೇಲಿ ಬೀಗದ ಕೈ ಕೊಟ್ಟು ಹೋಗಲ್ವಾ, ಹಂಗೆ ಪಾಸ್‌ವರ್ಡ್ ಕೊಟ್ಟು ಹೋದ್ಲು."

ನಾನು ಒಂಬತ್ತು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ಅಲ್ಲಿಯವರೆಗೆ ಒಂದು ದಿನವೂ ಬೀಗದ ಕೈ ಕೊಟ್ಟಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಖಾತೆಯಲ್ಲೇ ಕೆಲಸ ಮಾಡತಕ್ಕದ್ದೆಂದು ಆಜ್ಞೆ ಹೊರಡಿಸಿ, ಹುಡುಗಿಯ ಪಾಸ್‌ವರ್ಡನ್ನು ಬದಲಾಯಿಸಿದೆ. ಆಮೇಲೆ ಆಕೆಗೇ ಫೋನು ಮಾಡಿ, "ಮದುವೆಯ ದಿನ ನೀನು ಕೆಲಸ ಮಾಡಿದೆಯಾ ಎಂದು ತಿಳಿಯಬೇಕಿತ್ತು" ಎಂದೆ.

ಆಕೆ ಕೇಳಿದಳು. "ಅವರು ತಿದ್ದಿದ್ದು ಸರಿ ಇತ್ತಾ ಮೇಡಂ?"

ಇರಲಿಲ್ಲ. ಮುಹೂರ್ತ ಮುಗಿದು ಅರ್ಧ ಗಂಟೆಗೆಲ್ಲ ಹಿಂದಿರುಗಿಸಿದ್ದೆ.

ಪಟದ ಹಿಂದೆ

ಗೌರಿಬಿದನೂರಿಗೆ ಮುನ್ಸೂಚನೆ ಕೊಡದೆ ಬಸ್ಸಿನಲ್ಲಿ ಹೋದೆ. ಪಾಸ್‌ವರ್ಡನ್ನು ಕಣ್ಣಿಗೆ ಬೀಳುವಲ್ಲಿ ಬರೆದಿಡಬಾರದೆಂದು ಮೂರು ಸಲ ಪತ್ರ ಬರೆದಿದ್ದೆ. ಪಾಲನೆಯಾಗಿದೆಯೇ ಎಂದು ನೋಡಬೇಕಿತ್ತು. ಮೇಜಿನ ಮೇಲಿಲ್ಲ, ಗೋಡೆಯ ಮೇಲಿಲ್ಲ. ನನಗೆ ಸಂತೋಷವಾಯಿತು. ಸಂತೋಷವಾದಾಗ ನಾನು ಇನ್ನೂ ಸ್ವಲ್ಪ ಹುಡುಕುತ್ತೇನೆ. ದೇವರ ಪಟದ ಹಿಂದೆ ಚೀಟಿ ಸಿಕ್ಕಿತು.

"ಅಲ್ಲಿ ಯಾರೂ ಕೈ ಹಾಕಲ್ಲ ಮೇಡಂ," ಎಂದರು ತಂಡದವರು. "ಮಡಿ."

"ನಾನು ಹಾಕಿದೆನಲ್ಲ."

"ನಿಮ್ಮನ್ನ ಬಿಟ್ಟು ಅಂದ್ವಿ."

ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಹಿಂದೆ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆಗೆ ಒರಗಿ ನಿಂತು, ನನ್ನ ಮೇಲೆ ಕನಿಕರದಿಂದ ಹೇಳಿದಳು. "ಅದು ಹಳೇದು ಕಣಮ್ಮ. ಹೊಸದು ಕ್ಯಾಲೆಂಡರ್ ಹಿಂದೆ ಐತೆ."

ಕಾರಣ

ಪ್ರತಿ ತಿದ್ದುಪಡಿಯ ಜೊತೆಗೆ ಕಾರಣ ಬರೆಯಬೇಕೆಂಬುದು ನನ್ನ ಇನ್ನೊಂದು ನಿಯಮ. ಏನು ತಿದ್ದಿದರೆಂಬುದು ಕಾಣುತ್ತದೆ. ಏಕೆ ತಿದ್ದಿದರೆಂಬುದನ್ನು ಅವರೇ ಹೇಳಬೇಕು. ಚಿಂತಾಮಣಿಯ ತರುಣನೊಬ್ಬ "ಸರಿ ಮಾಡಿದೆ" ಎಂದು ಬರೆದ. "ಕಾರಣ ಸಾಲದು. ಮತ್ತೆ ಬರೆಯಿರಿ" ಎಂದು ಹಿಂದಿರುಗಿಸಿದೆ. "ಇನ್ನೂ ಸರಿ ಮಾಡಿದೆ" ಎಂದು ಬಂತು. ಹಿಂದಿರುಗಿಸಿದೆ. "ಮೇಡಂ ಕೇಳಿದ್ದಕ್ಕೆ" ಎಂದು ಬಂತು. ಆರನೆಯ ಸಲ ಫೋನು ಬಂತು.

"ಏನ್ ಮೇಡಂ ಇದು! ನಮ್ಮ ಮನೇಲಿ ಮದುವೆ ಮಾಡ್ಕೊಳಲ್ಲ ಅಂದಾಗ್ಲೂ ಇಷ್ಟು ಕಾರಣ ಕೇಳ್ಲಿಲ್ಲ."

"ಅವರು ಕೇಳಬೇಕಿತ್ತು," ಎಂದೆ.

ಏಳನೆಯ ಸಲ ನಿಜವಾದ ಕಾರಣ ಬರೆದ. ಒಪ್ಪಿದೆ. ಮತ್ತೆ ಫೋನು. "ಥ್ಯಾಂಕ್ಸ್ ಮೇಡಂ. ನೀವು ಒಪ್ಪಲಿ ಅಂತ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತಿದ್ದೆ."

ಹರಕೆಗೂ ನನ್ನ ಒಪ್ಪಿಗೆಗೂ ಸಂಬಂಧವಿಲ್ಲವೆಂದು ವಿವರಿಸಿದೆ. ಮರುದಿನ ಅವನ ಮುಂದಿನ ತಿದ್ದುಪಡಿ ಬಂತು, ಅಪೂರ್ಣವಾಗಿ. ಕಾರಣದ ಜಾಗದಲ್ಲಿ ಹೀಗೆ ಬರೆದಿದ್ದ: "ಹರಕೆ ತೀರಿಸಲು ಹನ್ನೊಂದರ ಬಸ್ಸಿಗೆ ಹೋಗಬೇಕಾದ ಕಾರಣ ಇಷ್ಟಕ್ಕೇ ನಿಲ್ಲಿಸಿದ್ದೇನೆ."

ಅದು ಪೂರ್ತಿಯಾದ ಕಾರಣವಾಗಿತ್ತು. ಒಪ್ಪದೆ ವಿಧಿಯಿರಲಿಲ್ಲ.

ಶುಭಾಶಯ

ಪ್ರತಿದಿನ ಬೆಳಗ್ಗೆ ಆರಕ್ಕೆ ಸರ್ವರು ನನಗೊಂದು ಮೇಲ್ ಕಳುಹಿಸುತ್ತದೆ: "ಎಲ್ಲವೂ ಸರಿಯಾಗಿದೆ." ಹಾಗೆ ಕಳುಹಿಸೆಂದು ಅದಕ್ಕೆ ಹೇಳಿಕೊಟ್ಟವಳು ನಾನೇ. ಒಂದು ವರ್ಷ ನನ್ನ ಹುಟ್ಟಿದ ದಿನ ಬೆಳಗ್ಗೆ ಬಂದ ಪತ್ರ ಅದೊಂದೇ. ಮನಸ್ಸು ಎಲ್ಲಿತ್ತೋ, "ಧನ್ಯವಾದಗಳು" ಎಂದು ಉತ್ತರ ಬರೆದೆ.

ಕೂಡಲೇ ಮರುಪತ್ರ ಬಂತು: "ಈ ವಿಳಾಸಕ್ಕೆ ಬರುವ ಪತ್ರಗಳನ್ನು ಯಾರೂ ಓದುವುದಿಲ್ಲ." ಅದನ್ನು ಬರೆದಿಟ್ಟವಳೂ ನಾನೇ. ಪೂರ್ಣ ಉತ್ತರವಾಗಿತ್ತು; ದೂರುವಂತಿರಲಿಲ್ಲ.

ಇಬ್ಬರು ಸಾಕ್ಷಿಗಳು

ಮೂವತ್ತು ದಿನ ಬಳಸದ ಖಾತೆ ತಾನಾಗಿಯೇ ಮುಚ್ಚಿಕೊಳ್ಳತಕ್ಕದ್ದು. ಅದು ಮತ್ತೆ ತೆರೆಯಬೇಕಾದರೆ ಇಬ್ಬರು ಸಹೋದ್ಯೋಗಿಗಳು, ತಮ್ಮ ತಮ್ಮ ಖಾತೆಯಿಂದ, ಸಾಕ್ಷಿಪತ್ರ ಬರೆಯತಕ್ಕದ್ದು: ಇವರು ಯಾರು, ನಿಮಗೆ ಹೇಗೆ ಗೊತ್ತು, ಏಕೆ ಬೇಕು. ಅರ್ಜಿಯೂ ಸಾಕ್ಷಿಪತ್ರಗಳೂ ಎಲ್ಲರ ಮೇಲಿಗೂ ಹೋಗುತ್ತವೆ; ಅರ್ಜಿ ಹಾಕಿದ ಏಳನೆಯ ದಿನ ಸಂಜೆ ಐದರೊಳಗೆ ಇಬ್ಬರು ಸಿಗದಿದ್ದರೆ ಖಾತೆ ಶಾಶ್ವತವಾಗಿ ರದ್ದು. ಯಾರಿಗೂ ವಿನಾಯಿತಿಯಿಲ್ಲ. ಇದನ್ನು ಬರೆದು ಮುಗಿಸಿದಾಗ ನನಗೆ ತೃಪ್ತಿಯಾಗಿತ್ತು.

ಆಮೇಲೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಆಸ್ಪತ್ರೆಗೆ ಕನ್ನಡಕ ಬೇಕಾಗಿ, ಪಕ್ಕದ ಮನೆಯಾಕೆಗೆ ಮೊದಲ ಸಲ ಬೀಗದ ಕೈ ಕೊಟ್ಟೆ. ಐದು ವಾರದ ಮೇಲೆ ಊರುಗೋಲು ಹಿಡಿದು ಕೋಣೆಗೆ ಬಂದು ಕುಳಿತರೆ, ಸರ್ವರು ನನ್ನನ್ನು ಒಳಗೆ ಬಿಡಲಿಲ್ಲ.

ಮಾಲೀಕರು ನಕ್ಕರು. "ನಿಮ್ಮ ರೂಲೇ ನಿಮ್ಮನ್ನ ಹಿಡೀತಲ್ಲ ಮೇಡಂ! ತೆಗೆದುಬಿಡೋಣ."

"ನಿಯಮ ನಿಯಮವೇ. ಅರ್ಜಿ ಹಾಕುತ್ತೇನೆ."

"ಯಾರೂ ಬರೀದೆ ಇದ್ರೆ?"

"ಬಾಡಿಗೆ ಸರ್ವರು ತೆಗೆದುಕೊಳ್ಳಿ," ಎಂದೆ.

ಒಂದು ದಿನ ಕಳೆಯಿತು, ಪತ್ರ ಬರಲಿಲ್ಲ. ಮೂರು ದಿನ, ಐದು ದಿನ. ನಾನು ದಿನವೂ ಒಂಬತ್ತಕ್ಕೆ ಬಂದು ಮುಚ್ಚಿದ ಪರದೆಯ ಮುಂದೆ ಕುಳಿತು ಐದಕ್ಕೆ ಏಳುತ್ತಿದ್ದೆ. ಹತ್ತೊಂಬತ್ತು ಮಂದಿಯ ಒಂದೊಂದು ಸಾಲನ್ನೂ ನಾನು ಓದಿದ್ದೆ. ಅವರಲ್ಲಿ ಯಾರನ್ನು ಕೇಳಬಹುದೆಂದು ಯೋಚಿಸಿದರೆ ಒಂದು ಹೆಸರೂ ಹೊಳೆಯಲಿಲ್ಲ. ಆರನೆಯ ದಿನ ಮೇಜಿನ ಖಾನೆಯನ್ನು ಖಾಲಿ ಮಾಡಿದೆ. ಅದರಲ್ಲಿದ್ದುದು ಎರಡು ಪೆನ್ಸಿಲು.

ಏಳನೆಯ ದಿನ ಮಧ್ಯಾಹ್ನ ಮೂರಕ್ಕೆ ಮಾಲೀಕರು ಫೋನು ಹಿಡಿದುಕೊಂಡು ಓಡಿಬಂದರು. "ಮೇಡಂ, ಬಂತು! ಹತ್ತೊಂಬತ್ತೂ ಬಂತು!"

"ಇಷ್ಟು ದಿನ ಏನು ಮಾಡುತ್ತಿದ್ದರಂತೆ?"

"ನೀವು ವಾಪಸ್ ಕಳಿಸ್ತೀರಿ ಅಂತ ಹೆದರಿಕೊಂಡು, ಒಬ್ಬರದು ಒಬ್ಬರು ತಿದ್ದಿ ತಿದ್ದಿ ಬರೀತಿದ್ರಂತೆ."

ಒಂದೊಂದಾಗಿ ಓದಿದರು. ಶಿಡ್ಲಘಟ್ಟದ ಹುಡುಗಿ: "ಇವರ ಮುಖ ನೋಡಿಲ್ಲ. ಮದುವೆಯ ದಿನ ನೀನು ಕೆಲಸ ಮಾಡಿದೆಯಾ ಎಂದು ನನ್ನನ್ನು ಕೇಳಿದವರು ಇವರೊಬ್ಬರೇ." ಗೌರಿಬಿದನೂರು: "ನಮ್ಮ ದೇವರ ಪಟದ ಹಿಂದೆ ಕೈ ಹಾಕಿದವರು ಇವರೊಬ್ಬರೇ." ಚಿಂತಾಮಣಿಯ ತರುಣ: "ಆರು ವಾರದಿಂದ ಯಾರೂ ಕಾರಣ ಕೇಳುತ್ತಿಲ್ಲ. ಹೋದ ತಿಂಗಳು ನಾನೇ ಬರೆದಿದ್ದು ಏಕೆ ಬರೆದೆ ಎಂದು ಈಗ ನನಗೇ ಗೊತ್ತಾಗುತ್ತಿಲ್ಲ. ಆದ್ದರಿಂದ ಬೇಕು."

ನನಗೆ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಒರೆಸಿ ಹಾಕಿಕೊಂಡ ಮೇಲೆ ಪತ್ರಗಳ ಕೊನೆಯ ಸಾಲು ಕಂಡಿತು. ಪತ್ರ ಯಾರ ಖಾತೆಯಿಂದ ಬಂತೆಂದು ಸರ್ವರು ಕೆಳಗೆ ಬರೆಯುತ್ತದೆ. ಹತ್ತೊಂಬತ್ತೂ ಶಿಡ್ಲಘಟ್ಟದ ಹುಡುಗಿಯ ಖಾತೆಯಿಂದಲೇ ಬಂದಿದ್ದವು.

"ಇದು ಒಬ್ಬ ಸಾಕ್ಷಿ," ಎಂದೆ.

ಮಾಲೀಕರ ಮುಖ ಬಿಳಿಚಿತು. ಹುಡುಗಿಗೆ ಫೋನು ಮಾಡಿದೆವು.

"ಏನ್ಮಾಡ್ಲಿ ಮೇಡಂ, ನೀವಿಲ್ದಾಗ ಮೊದ್ಲು ಒಬ್ಬರು ಪಾಸ್‌ವರ್ಡ್ ಮರೆತ್ರು, ಆಮೇಲೆ ಇನ್ನೊಬ್ರು. ಸರಿ ಮಾಡೋರು ಯಾರೂ ಇರ್ಲಿಲ್ಲ. ಕೇಳಿದ್ರು, ಕೊಟ್ಟೆ. ಆಮೇಲೆ ಎಲ್ಲಾರೂ ನನ್ನ ಖಾತೇಲೇ ಇದ್ದುಬಿಟ್ರು. ಅವರವರ ಖಾತೆಗಳು ಮೂವತ್ತು ದಿನ ಆಗಿ ಮುಚ್ಚಿಹೋದ್ವು."

ನಾಲ್ಕು ಊರುಗಳಲ್ಲಿ ತೆರೆದಿದ್ದ ಬಾಗಿಲು ಒಂದೇ.

"ನಿಮ್ಮ ಖಾತೆ?" ಎಂದು ಮಾಲೀಕರನ್ನು ಕೇಳಿದೆ.

"ಬಳಸಲ್ಲ ಅಂತ ನೀವೇ ಮುಚ್ಚಿಸಿದ್ರಲ್ಲ ಮೇಡಂ."

ನಿಜ. ಮೂವತ್ತು ದಿನಗಳ ನಿಯಮಕ್ಕೂ ಮೊದಲೇ ಮುಚ್ಚಿದ್ದರಿಂದ ಅದಕ್ಕೆ ಸಾಕ್ಷಿ ಬೇಕಿರಲಿಲ್ಲ; ಅದನ್ನು ತೆರೆಯುವ ತುರ್ತು ಪಾಸ್‌ವರ್ಡು ಒಂದು ಲಕೋಟೆಯಲ್ಲಿತ್ತು, ನನ್ನ ಮನೆಯ ಬೀರುವಿನಲ್ಲಿ. ಪಕ್ಕದ ಮನೆಯಾಕೆಗೆ ಫೋನು ಮಾಡಿ, ಬೀಗ ತೆಗೆದು ಲಕೋಟೆ ತರಲು ಹೇಳಿದೆ. ಹದಿನೈದು ನಿಮಿಷಕ್ಕೆ ಆಕೆ ಆಟೋದಲ್ಲಿ ಬಂದಳು. ಜೊತೆಗೆ ನಮ್ಮ ಬೀದಿಯ ಇನ್ನೂ ನಾಲ್ವರು. ಎಲ್ಲರ ಕಣ್ಣಲ್ಲೂ ನೀರು.

"ಅಯ್ಯೋ ದೇವುಡಾ, ಕೂತಿದ್ದಾರೆ ಕಣ್ರೇ! ಏನಮ್ಮ, ಹಿಂಗೂ ಹೆದರಿಸ್ತಾರಾ?"

ಲಕೋಟೆಯ ಮೇಲೆ ನನ್ನದೇ ಅಕ್ಷರದಲ್ಲಿ ಹೀಗಿತ್ತು: "ನನ್ನ ಮರಣಾನಂತರ ತೆರೆಯತಕ್ಕದ್ದು."

ಮಾಲೀಕರು ಅದನ್ನು ಹಿಡಿದುಕೊಂಡು ನನ್ನನ್ನೇ ನೋಡಿದರು. "ಮೇಡಂ, ನೀವಿನ್ನೂ..."

"ಗಂಟೆ ನಾಲ್ಕೂವರೆ. ತೆರೆಯಿರಿ."

ತೆರೆದು, ಖಾತೆಯೊಳಗೆ ಹೋಗಿ, ಎರಡನೆಯ ಸಾಕ್ಷಿಯಾಗಿ "ಇವರು ಬೇಕು" ಎಂದು ಬರೆದರು.

"ಕಾರಣ ಸಾಲದು. ಮತ್ತೆ ಬರೆಯಿರಿ."

ಐದು ಹೆಂಗಸರು ನಿಂತು ನೋಡುತ್ತಿದ್ದರು. ಮಾಲೀಕರು ಬೆವರು ಒರೆಸಿಕೊಂಡು ಬರೆದರು: "ಇವರಿಲ್ಲದ ಐದು ವಾರ ನನ್ನ ಇಡೀ ಕಂಪನಿ ಒಬ್ಬಳ ಪಾಸ್‌ವರ್ಡಿನಲ್ಲಿ ನಡೆಯಿತು. ನನಗೆ ಗೊತ್ತೇ ಆಗಲಿಲ್ಲ."

ಐದಕ್ಕೆ ನಾಲ್ಕು ನಿಮಿಷವಿರುವಾಗ ನಾನು ಒಳಗೆ ಹೋದೆ. ಬಾಡಿಗೆ ಸರ್ವರಿನ ಮಾತು ಅಂದಿನಿಂದ ಬಂದಿಲ್ಲ. ಬೀಗದ ಕೈಯನ್ನು ಪಕ್ಕದ ಮನೆಯಾಕೆ ಹಿಂದಿರುಗಿಸಲು ಬಂದಳು. ಇರಲಿ, ಇಟ್ಟುಕೊಂಡಿರು ಎಂದೆ.

ಮರುದಿನ ನಾನು ಮಾಡಿದ ಮೊದಲ ಕೆಲಸ ಹುಡುಗಿಯ ಖಾತೆಯನ್ನು ಮುಚ್ಚಿದ್ದು. ಹತ್ತು ನಿಮಿಷದಲ್ಲಿ ನಾಲ್ಕು ಊರುಗಳ ಕೆಲಸ ನಿಂತು, ನನಗೆ ಹತ್ತೊಂಬತ್ತು ಫೋನು ಬಂದವು. ಒಬ್ಬೊಬ್ಬರಿಗೂ ಇಬ್ಬಿಬ್ಬರು ಸಾಕ್ಷಿ ಬೇಕೆಂದೆ.

"ಯಾರನ್ನ ತರೋಣ ಮೇಡಂ?" ಎಂದ ಚಿಂತಾಮಣಿಯವನು. "ತೆರೆದಿರೋದು ನಿಮ್ಮದು, ಮಾಲೀಕರದು, ಎರಡೇ!"

ಹಾಗಾಗಿ ಹತ್ತೊಂಬತ್ತು ಮಂದಿಯೂ ಯಾರು, ನನಗೆ ಹೇಗೆ ಗೊತ್ತು, ಏಕೆ ಬೇಕು ಎಂದು ನಾನೇ ಬರೆದು, ಎರಡನೆಯ ಸಾಕ್ಷಿಯಾದ ಮಾಲೀಕರ ಒಪ್ಪಿಗೆಗೆ ಕಳುಹಿಸಬೇಕಾಯಿತು. ಮೂರು ದಿನ ಹಿಡಿಯಿತು. ಹದಿನೆಂಟು ಚೆನ್ನಾಗಿಯೇ ಬಂದವು. ಕೊನೆಯದು ಶಿಡ್ಲಘಟ್ಟದ ಹುಡುಗಿಯದು; ಏನು ಬರೆಯಬೇಕೆಂದು ಬಹಳ ಹೊತ್ತು ತೋಚದೆ, "ಈಕೆ ನನಗೆ ಗೊತ್ತು" ಎಂದಷ್ಟೇ ಬರೆದು ಕಳುಹಿಸಿದೆ.

ಎರಡು ನಿಮಿಷಕ್ಕೆ ಮಾಲೀಕರಿಂದ ಹಿಂದಿರುಗಿ ಬಂತು: "ಕಾರಣ ಸಾಲದು. ಮತ್ತೆ ಬರೆಯಿರಿ."